ಹೆಸರು ಕೂಗುವವರೆಗೆ

ಅದು 1998ರ ಫೆಬ್ರವರಿ. ನಾನು ಆಗ ಉದಕಮಂಡಲದ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಗುಂಡ್ಲುಪೇಟೆಯವಳು, ಸಮಾಜಕಾರ್ಯದಲ್ಲಿ ಪದವಿ ಮುಗಿಸಿ ಬೆಟ್ಟ ಹತ್ತಿದ್ದೆ. "ಆ ಚಳಿಗೆ ಸತ್ತೇ ಹೋಗ್ತೀಯ" ಎಂದು ಅಮ್ಮ ಹೆದರಿಸಿದ್ದಳು. ಸಾಯಲಿಲ್ಲ, ಮೂಗು ಮಾತ್ರ ಎರಡು ವರ್ಷ ಸೋರುತ್ತಲೇ ಇತ್ತು.

ನನ್ನ ಪಾಲಿಗೆ ಬಂದದ್ದು ಆ ಬೆಟ್ಟಗಳ ಬಡಗ ಜನರ ಕೆಲವು ಹಟ್ಟಿಗಳು. ಹಟ್ಟಿ ಎಂದರೆ ಅವರ ಊರು. ಗೋಡೆಗೆ ಗೋಡೆ ಅಂಟಿಸಿಕೊಂಡ ಮನೆಗಳ ಸಾಲು, ಎದುರಿಗೆ ಉದ್ದನೆಯ ಅಂಗಳ, ಸುತ್ತ ಚಹಾ ಮತ್ತು ಕ್ಯಾರೆಟ್. ಅವರ ಮಾತು ನನ್ನ ಕನ್ನಡಕ್ಕೆ ಹತ್ತಿರವಾದ್ದರಿಂದ ಮೊದಲ ವಾರವೇ ಎಲ್ಲ ಅರ್ಥವಾಯಿತೆಂದು ಬೀಗಿದ್ದೆ. ಅರ್ಥವಾಗಿರಲಿಲ್ಲ ಎಂದು ಎರಡನೆಯ ವಾರ ಅರ್ಥವಾಯಿತು. ಈ ಘಟನೆ ನಡೆದ ಹಟ್ಟಿಯ ಹೆಸರನ್ನು ನಾನು ಬರೆಯುವುದಿಲ್ಲ. ಆ ದಿನವನ್ನು ಅಲ್ಲಿನವರು ಮರೆತಿದ್ದರೆ ಮರೆತೇ ಇರಲಿ.

ಆ ದಿನಗಳಲ್ಲಿ ಮಕ್ಕಳಿಗೆ ಹಾಕುವ ಪೋಲಿಯೋ ಹನಿಯ ಬಗ್ಗೆ ಏನೇನೋ ಗಾಳಿಸುದ್ದಿ ಹಬ್ಬಿತ್ತು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲವಂತೆ, ಜ್ವರ ಬಂದು ಕಾಲು ಬಿದ್ದುಹೋಗುತ್ತದಂತೆ. ಗಾಳಿಸುದ್ದಿಯನ್ನು ಹೇಗೆ ಎದುರಿಸಬೇಕೆಂದು ನಮಗೆ ಕೊಯಮತ್ತೂರಿನಲ್ಲಿ ತರಬೇತಿ ಕೊಟ್ಟು, ಬಣ್ಣದ ಪಟಗಳ ಒಂದು ಕಟ್ಟನ್ನೂ ಕೊಟ್ಟು ಕಳಿಸಿದ್ದರು. ಅಲ್ಲಿ ಕಲಿತದ್ದು ಇಷ್ಟು: ಮೊದಲು "ಇದು ಸುಳ್ಳು" ಎಂದು ಗಟ್ಟಿಯಾಗಿ ಹೇಳಬೇಕು, ಆಮೇಲೆ ನಿಜ ಏನೆಂದು ತಿಳಿಸಬೇಕು. ಕೇಳಲು ಬಹಳ ಸುಲಭ.

ಅವತ್ತು ಮಧ್ಯಾಹ್ನ ಊಟ ಮುಗಿಸಿದ ಹೆಂಗಸರನ್ನು ಅಂಗಳದಲ್ಲಿ ಕೂರಿಸಿಕೊಂಡು ನಾನು ಅದೇ ಪಟಗಳನ್ನು ತೋರಿಸುತ್ತಿದ್ದೆ. ಎದುರಿಗೇ ಮಾಸಿ ಎಂಬಾಕೆ ಕೂತಿದ್ದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು, ತನ್ನ ಸ್ವಲ್ಪ ಚಹಾ ತೋಟವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಮಾತು ಕಡಿಮೆ, ಆಡಿದರೆ ಚುರುಕು. ನಾನು ಪಟ ತಿರುಗಿಸಿದಾಗಲೆಲ್ಲ "ಈ ಪಟದ ಕುನ್ನೆಗೆ ಕಾಲಲ್ಲಿ ಚಪ್ಪಲಿ ಇಲ್ಲೆ, ನೋಡಿ" ಎಂದು ಏನಾದರೊಂದು ತಪ್ಪು ಹಿಡಿದು ಎಲ್ಲರನ್ನೂ ನಗಿಸುತ್ತಿದ್ದಳು. ಕುನ್ನೆ ಎಂದರೆ ಮಗು. ಅವಳ ಒಬ್ಬಳೇ ಮಗಳು ಸುಮತಿ ಹಟ್ಟಿಯ ಇನ್ನಷ್ಟು ಮಕ್ಕಳ ಜೊತೆ ಮಸಿನಗುಡಿ ಬಳಿಯ ಮಾವನಲ್ಲ ಎಂಬ ಊರಿಗೆ ಹೋಗಿದ್ದಳು. ಅಲ್ಲಿ ನಮ್ಮ ಸಂಸ್ಥೆಯವರೇ ಕಾಡು ತೋರಿಸುವ ಶಿಬಿರ ಇಟ್ಟಿದ್ದರು. ಜೊತೆಗೆ ಶಾಲೆಯ ಮೇಷ್ಟ್ರೂ ಹಟ್ಟಿಯ ಹಿರಿಯರಾದ ಜೋಗಿಗೌಡರೂ ಇದ್ದರು. ವ್ಯಾನು ಓಡಿಸಿದವನು ಸೆಲ್ವಂ ಎಂಬ ತಮಿಳಿನವನು, ಹಟ್ಟಿಯ ಅಂಚಿನಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಮಕ್ಕಳು ಊಟದ ಹೊತ್ತಿಗೆ ವಾಪಸು ಬರಬೇಕಿತ್ತು. ಬಂದಿರಲಿಲ್ಲ. ಅಲ್ಲಿಯತನಕ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ.

ಮೊದಲು ಬಂದದ್ದು ಚಹಾ ಸೊಪ್ಪು ಒಯ್ಯುವ ಲಾರಿ. ಅದರ ಡ್ರೈವರು ಇಳಿಯುತ್ತಲೇ ತಮಿಳಿನಲ್ಲಿ ಕೂಗಿದ: ಮಸಿನಗುಡಿಯಿಂದ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ ಮಕ್ಕಳ ವ್ಯಾನು ಉರುಳಿತಂತೆ, ಚಹಾ ಫ್ಯಾಕ್ಟರಿಯಲ್ಲೆಲ್ಲ ಅದೇ ಮಾತು. ಅಷ್ಟರಲ್ಲಿ ಒಳಗೆ ಟೀವಿ ನೋಡುತ್ತಿದ್ದ ಒಬ್ಬ ಮುದುಕಿ ಹೊರಗೆ ಬಂದು ಬಾಯಿ ಬಡಿದುಕೊಂಡಳು. ಊರಿನ ಕೇಬಲ್ಲಿನವರು ಸಿನಿಮಾದ ಕೆಳಗೆ ಓಡುವ ಅಕ್ಷರಗಳಲ್ಲಿ ಅದನ್ನೇ ಹಾಕಿದ್ದರು. ನಾವೆಲ್ಲ ಓಡಿಹೋಗಿ ನೋಡಿದೆವು. ಘಾಟಿಯಲ್ಲಿ ಶಾಲಾ ವ್ಯಾನು ಬಿದ್ದು ಮಕ್ಕಳು ಸತ್ತಿದ್ದಾರೆ ಎಂದಿತ್ತು. ನಾಯಕಿ ಹಾಡುತ್ತಿದ್ದಳು, ಅವಳ ಕಾಲ ಕೆಳಗೆ ಆ ಸಾಲು ಹೋಗಿ ಮತ್ತೆ ಬರುತ್ತಿತ್ತು.

ಹೆಂಗಸರು ಗೋಳೋ ಎಂದು ಅಳಲು ಶುರು ಮಾಡಿದರು. ನಾನು ಫ್ಯಾಕ್ಟರಿಗೆ ಓಡಿ ಅಲ್ಲಿನ ಫೋನಿನಿಂದ ಮಾವನಲ್ಲದ ಶಿಬಿರಕ್ಕೆ ಮಾಡಿದೆ. "ಬೆಳಿಗ್ಗೆಯೇ ಹೊರಟರಲ್ಲ, ಇನ್ನೂ ಬಂದಿಲ್ವಾ?" ಎಂದು ಆ ಕಡೆಯಿಂದ ನನ್ನನ್ನೇ ಕೇಳಿದರು. ಕೇಬಲ್ಲಿನವರಿಗೆ ಮಾಡಿದರೆ "ಫ್ಯಾಕ್ಟರಿಯಿಂದಲೇ ಯಾರೋ ಹೇಳಿದ್ದು" ಎಂದರು. ಫ್ಯಾಕ್ಟರಿಯವರು ಟೀವಿಯಲ್ಲಿ ಬಂದಿದೆಯಲ್ಲ ಎಂದರು. ಅಲ್ಲಿಗೆ ಸುದ್ದಿ ತನ್ನ ಬಾಲವನ್ನು ತಾನೇ ಹಿಡಿದುಕೊಂಡಂತಾಯಿತು. ಆದರೂ ಬೆಳಿಗ್ಗೆ ಹೊರಟ ವ್ಯಾನು ಬಂದಿಲ್ಲ ಎಂಬುದಂತೂ ನಿಜವಾಗಿತ್ತು. ಸುಳ್ಳು ಎಂದು ಗಟ್ಟಿಯಾಗಿ ಹೇಳಲು ನನಗೆ ಬಾಯಿ ಬರಲಿಲ್ಲ, ನಿಜ ತಿಳಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ನಾನು ವಾಪಸು ಬರುವಷ್ಟರಲ್ಲಿ ಕಡ್ಡಿ ಗುಡ್ಡವಾಗಿತ್ತು. ಸೆಲ್ವಂ ಕುಡಿದಿದ್ದನಂತೆ. ವ್ಯಾನು ಬೀಳುವ ಮುಂಚೆ ತಾನೊಬ್ಬ ಹಾರಿಕೊಂಡು ಕಾಡಿನೊಳಗೆ ಓಡಿದನಂತೆ. ಇದನ್ನು ಯಾರು ಹೇಳಿದರೆಂದು ಯಾರಿಗೂ ಗೊತ್ತಿಲ್ಲ, ಆದರೆ ಎಲ್ಲರ ಬಾಯಲ್ಲೂ ಇತ್ತು. ಮಾಸಿಯ ಮೈದುನ ರಾಜುವಿನ ಮಗನೂ ವ್ಯಾನಿನಲ್ಲಿದ್ದ. ರಾಜು ಹತ್ತಾರು ಗಂಡಸರನ್ನು ಕಟ್ಟಿಕೊಂಡು ಸೆಲ್ವಂ ಮನೆಯ ಕಡೆ ಹೊರಟಿದ್ದ. ಕೆಲವರ ಕೈಯಲ್ಲಿ ಚಹಾ ಗಿಡ ಸವರುವ ಕತ್ತಿಗಳಿದ್ದವು. ಆ ಮನೆಯಲ್ಲಿ ಇದ್ದದ್ದು ಸೆಲ್ವಂನ ಹೆಂಡತಿ ರಾಣಿ ಒಬ್ಬಳೇ. ಅವಳು ಬಾಗಿಲು ಹಾಕಿಕೊಂಡು ಕಿಟಕಿಯಿಂದ "ಅಕ್ಕಾ, ಅವರು ಕುಡಿಯೋದೇ ಇಲ್ಲ, ಅಕ್ಕಾ" ಎಂದು ತಮಿಳಿನಲ್ಲಿ ಕಿರುಚುತ್ತಿದ್ದಳು. ಯಾವ ಅಕ್ಕನನ್ನು ಕರೆಯುತ್ತಿದ್ದಳೋ, ನನ್ನನ್ನೇ ಇರಬೇಕು. ನಾನು ಗುಂಪಿನ ಹಿಂದೆ "ನಿಲ್ಲಿ, ನಿಲ್ಲಿ" ಎನ್ನುತ್ತ ಓಡುತ್ತಿದ್ದೆ. ಮೂಗು ಸೋರುವ ಹುಡುಗಿಯ ಮಾತು ಯಾರು ಕೇಳುತ್ತಾರೆ?

ಆಗ ಮಾಸಿಯನ್ನು ನೋಡಿದೆ. ಅವಳು ಓಡಲಿಲ್ಲ. ತಲೆವಸ್ತ್ರ ಸರಿಮಾಡಿಕೊಂಡು, ಗಂಡಸರ ಪಕ್ಕದಲ್ಲೇ ನಡೆದು, ಅವರನ್ನು ದಾಟಿ ಹೋಗಿ ರಾಣಿಯ ಮನೆಯ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು.

"ಏಳು ಅತ್ತಿಗೆ" ಎಂದ ರಾಜು.

"ಮಂಡೆಪಟ್ಟು ಬುಟ್ಟವ ಬಂದನಾ?" ಎಂದು ಮಾಸಿ ಕೇಳಿದಳು.

ಇದನ್ನು ಇಲ್ಲಿ ಬಿಡಿಸಿ ಹೇಳಬೇಕು. ಮಂಡೆಪಟ್ಟು ಎಂದರೆ ಅಲ್ಲಿನ ಹಿರಿಯರು ತಲೆಗೆ ಸುತ್ತುವ ಬಿಳಿ ವಸ್ತ್ರ. ಒಂದು ಹಟ್ಟಿಯಲ್ಲಿ ಸಾವಾದರೆ ಇತರ ಹಟ್ಟಿಗಳಿಗೆ ಹೇಳಲು ಆ ಮನೆಯವರು ಒಬ್ಬನನ್ನು ಕಳಿಸುತ್ತಿದ್ದರು. ಅವನು ಊರ ಹತ್ತಿರ ಬಂದಾಗ ತಲೆವಸ್ತ್ರ ಬಿಚ್ಚುತ್ತಾನೆ. ಬರಿತಲೆಯಲ್ಲಿ ದಿಬ್ಬದ ಮೇಲೆ ನಿಂತು ಇಂಥ ಮನೆಯ ಇಂಥವರು ಹೋದರು ಎಂದು ಹೆಸರು ಹಿಡಿದು ಕೂಗುತ್ತಾನೆ. ಆಗ ಅದು ಸಾವಿನ ಸುದ್ದಿ. ಫೋನು ಬಂದ ಮೇಲೆ ಈ ಪದ್ಧತಿ ಸವೆಯುತ್ತಿತ್ತು, ಆದರೂ ಅದನ್ನು ತಿಳಿಯದವರು ಆ ಗುಂಪಿನಲ್ಲಿ ನಾನೊಬ್ಬಳೇ. ಪಕ್ಕದಲ್ಲಿದ್ದ ಹೆಂಗಸು ನನ್ನ ಕಿವಿಯಲ್ಲಿ ಇಷ್ಟನ್ನೂ ಪಿಸುಗುಟ್ಟಿದಳು.

"ಟೀವಿಯಲ್ಲೇ ಬಂದದಲ್ಲ!" ಎಂದು ರಾಜು ಕಿರುಚಿದ.

"ಟೀವಿಗೆ ಮಂಡೆ ಎಲ್ಲಿ ಅದ, ಪಟ್ಟು ಬುಡೋಕೆ?" ಎಂದಳು ಮಾಸಿ. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಆಮೇಲೆ ಅವಳು ಅಂಗಳದ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ಯಾರೂ ಅಳೋಕೆ ಬೇಡ. ಹೆಸರು ಕೂಗದ ಮುಂಚೆ ಅತ್ತರೆ, ಬದುಕಿದ್ದವರ ನಾವೇ ಕಳಿಸಿದಂಗೆ."

ಅಳು ಒಂದೇ ಸಲಕ್ಕೆ ನಿಲ್ಲಲಿಲ್ಲ. ಆದರೆ ಮುದುಕಿಯರು ಸೆರಗು ಬಾಯಿಗೆ ತುರುಕಿಕೊಂಡರು. ಅವರು ಸುಮ್ಮನಾದ ಮೇಲೆ ಉಳಿದವರೂ ಸುಮ್ಮನಾದರು.

ಮಾಸಿ ಕೂತಲ್ಲಿಂದಲೇ ಲಾರಿಯವನನ್ನು ಕರೆಸಿ "ನೀ ಕಂಡೆಯಾ?" ಎಂದಳು. ಇಲ್ಲ, ಫ್ಯಾಕ್ಟರಿಯಲ್ಲಿ ಸೊಪ್ಪು ತೂಗುವವನು ಹೇಳಿದ್ದು. ತೂಕದವನೂ ಅಲ್ಲಿಗೆ ಬಂದಿದ್ದ. ಅವನು ಕಂಡಿದ್ದನಾ? ಇಲ್ಲ, ಓಡಿಬಂದ ಕಲ್ಲಟ್ಟಿ ಕಡೆಯ ಹಟ್ಟಿಯ ಒಬ್ಬನಿಂದ ಕೇಳಿದ್ದು. ಆ ಮನುಷ್ಯ ಇನ್ನೂ ಫ್ಯಾಕ್ಟರಿಯಲ್ಲೇ ಇದ್ದಾನೆಂದು ತಿಳಿದು ಯಾರೋ ಓಡಿಹೋಗಿ ಕರೆತಂದರು. ನಾನು ಒಳಗೊಳಗೇ ಹಿಗ್ಗಿದೆ. ಇವನೂ ಇನ್ನೊಬ್ಬನ ಹೆಸರು ಹೇಳುತ್ತಾನೆ, ಎಲ್ಲ ಗಾಳಿಯಲ್ಲಿ ಕರಗುತ್ತದೆ ಎಂದುಕೊಂಡೆ.

ಅವನು ಕೈಕಟ್ಟಿಕೊಂಡು ನಿಂತು, "ನಾ ಕಂಡೆ" ಎಂದ.

ಅವನು ತನ್ನ ಕ್ಯಾರೆಟ್ ಹೊಲದಲ್ಲಿದ್ದನಂತೆ. ಕಣಿವೆಯ ಆಚೆಗೆ ಘಾಟಿ ರಸ್ತೆ. ರಸ್ತೆಯ ಅಂಚಿನಲ್ಲಿ ವ್ಯಾನು ವಾರೆಯಾಗಿ ನಿಂತಿತ್ತು. ಅದರ ಮುಂದೆ ಜೋಗಿಗೌಡರು ಬರಿತಲೆಯಲ್ಲಿ ನಿಂತು ಇವನ ಕಡೆ ಕೈಯೆತ್ತಿ ಕೂಗುತ್ತಿದ್ದರು. ಜೋಗಿಗೌಡರನ್ನು ಅವನು ಬಲ್ಲ, ಮಂಡೆಪಟ್ಟು ಇಲ್ಲದೆ ಅವರನ್ನು ಈವರೆಗೆ ಒಮ್ಮೆಯೂ ಕಂಡಿರಲಿಲ್ಲ. ಅವನ ಎದೆ ಒಡೆಯಿತು, ಹೊಲ ಬಿಟ್ಟು ಓಡಿ ಎಲ್ಲರಿಗೂ ಹೇಳಿದ.

ಅವನು ಸುಳ್ಳುಗಾರನಲ್ಲ ಎಂಬುದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮಾಸಿ ಕೇಳಿದ್ದ ಗುರುತನ್ನೇ ಅವನು ತಂದು ಅವಳ ಮುಂದಿಟ್ಟಿದ್ದ. ರಾಜು ನೆಲಕ್ಕೆ ಕುಸಿದು ತಲೆ ಚಚ್ಚಿಕೊಂಡ, ಅವನ ಹಿಂದಿದ್ದವರು ಬಾಗಿಲ ಕಡೆ ನುಗ್ಗಿದರು. ಮಾಸಿಯ ಮುಖದ ರಕ್ತ ಇಳಿದುಹೋಯಿತು. ಮಡಿಲಲ್ಲಿದ್ದ ಒಂದು ಕೈಯನ್ನು ಇನ್ನೊಂದರಿಂದ ಅದುಮಿ ಹಿಡಿದಳು. ಆದರೆ ಮೆಟ್ಟಿಲು ಬಿಟ್ಟು ಏಳಲಿಲ್ಲ.

"ಹೆಸರ ಕೂಗಿದನಾ?" ಎಂದು ಕೇಳಿದಳು.

ಅವನು ತಡವರಿಸಿದ. "ಕೂಗಿದ... ಗಾಳಿಗೆ ಕೇಳಲಿಲ್ಲೆ."

"ಯಾವ ಮನೆ ಅಂದ? ಎನ್ನ ಮನೆಯಾ? ರಾಜುವ ಮನೆಯಾ?"

"ಕೇಳಲಿಲ್ಲೆ ಅಕ್ಕಾ."

"ಅಂದರೆ ಸುದ್ದಿ ಬಂದಿಲ್ಲೆ. ಇನ್ನೂ ದಾರಿಯಲಿ ಅದ" ಎಂದಳು ಮಾಸಿ. "ಬರಲಿ. ಬಂದಾಗ ಎನ್ನ ಕಣ್ಣಲ್ಲಿ ನೀರು ಇಲ್ಲದೆ ಹೋಗಲ್ಲ. ರಾಜು, ಏಳು. ಫ್ಯಾಕ್ಟರಿ ಜೀಪು ಕೇಳಿ ಹತ್ತು. ನಿನ್ನ ಕಣ್ಣಲಿ ಕಂಡು ಬಾ. ನೀ ಬಂದು ಹೇಳಿದರೆ ನಾ ಈ ಮೆಟ್ಟಲ ಬಿಟ್ಟು ಏಳ್ತೆ, ನಿನಗೆ ಬೇಕಾದ್ದ ಮಾಡು."

ಎಲ್ಲರಿಗಿಂತ ಹೆಚ್ಚು ಕೆರಳಿದವನನ್ನೇ ಅವಳು ಕಳಿಸಿದಳು. ರಾಜು ಕತ್ತಿಯನ್ನು ಅಲ್ಲೇ ಎಸೆದು ಓಡಿದ. ಅವನು ಹೋದ ಮೇಲೆ ಗುಂಪಿಗೆ ಮುಂದಾಳು ಇಲ್ಲದಂತಾಯಿತು. ಒಬ್ಬೊಬ್ಬರೇ ಕೂತರು.

ಆಮೇಲಿನ ಹೊತ್ತನ್ನು ಹೇಗೆ ವರ್ಣಿಸಲಿ? ಇಡೀ ಹಟ್ಟಿ ಅಂಗಳದಲ್ಲಿ ಕೂತಿತ್ತು. ಯಾರೂ ಮಾತಾಡಲಿಲ್ಲ, ಯಾರೂ ಅಳಲಿಲ್ಲ. ಯಾರೋ ಒಳಗೆ ಹೋಗಿ ಟೀವಿ ಆರಿಸಿ ಬಂದರು. ಬೆಟ್ಟದ ಬಿಸಿಲು ಇಳಿಯುತ್ತ ಬಂತು, ಚಳಿ ಹತ್ತಿತು, ಒಬ್ಬರೂ ಕಂಬಳಿ ತರಲು ಏಳಲಿಲ್ಲ. ನಾನು ದೇವಸ್ಥಾನಗಳಿಗೆ ಹೋಗಿದ್ದೇನೆ, ದೊಡ್ಡ ಜಾತ್ರೆಗಳಲ್ಲಿ ಮಂಗಳಾರತಿಗೆ ಜನ ಸ್ತಬ್ಧರಾಗುವುದನ್ನು ನೋಡಿದ್ದೇನೆ. ಇಂಥ ಮೌನವನ್ನು ನೋಡಿರಲಿಲ್ಲ. ಒಂದು ಹೊತ್ತಿನಲ್ಲಿ ಮಾಸಿಯ ಹಿಂದೆ ಬಾಗಿಲು ಸ್ವಲ್ಪ ತೆರೆಯಿತು. ರಾಣಿ ಒಂದು ಲೋಟ ನೀರು ಹೊರಗೆ ಚಾಚಿದಳು. ಮಾಸಿ ತಿರುಗಿ ನೋಡದೆ ಅದನ್ನು ತೆಗೆದುಕೊಂಡು ಕುಡಿದು, ಖಾಲಿ ಲೋಟವನ್ನು ಹಿಂದಕ್ಕೆ ಕೊಟ್ಟಳು. ಬಾಗಿಲು ಮತ್ತೆ ಮುಚ್ಚಲಿಲ್ಲ. ರಾಣಿ ಹೊಸ್ತಿಲ ಒಳಗೆ, ಮಾಸಿಯ ಬೆನ್ನಿಗೆ ಅಂಟಿದ ಹಾಗೆ ಕೂತಳು. ಅವಳ ಗಂಡನೂ ಆ ವ್ಯಾನಿನಲ್ಲೇ ಇದ್ದಾನೆ ಎಂಬುದು ನನಗೆ ಹೊಳೆದದ್ದು ಆಗ.

ಸೂರ್ಯ ಇಳಿಯುವ ಮುಂಚೆ ಕೆಳಗಿನ ಕಾಲುದಾರಿಯಲ್ಲಿ ಒಬ್ಬ ಮನುಷ್ಯ ಕಂಡ. ಚಹಾ ಗಿಡಗಳ ನಡುವೆ ಒಬ್ಬನೇ ಹತ್ತಿ ಬರುತ್ತಿದ್ದ. ಹತ್ತಿರವಾಗುತ್ತ ಬಂದಂತೆ ಗುರುತು ಸಿಕ್ಕಿತು. ಜೋಗಿಗೌಡರು. ತಲೆಯ ಮೇಲೆ ವಸ್ತ್ರವಿಲ್ಲ.

ಅಂಗಳದಲ್ಲಿದ್ದವರೆಲ್ಲ ಎದ್ದು ನಿಂತರು. ನನ್ನ ಪಕ್ಕದ ಹೆಂಗಸು ನನ್ನ ಕೈಯನ್ನು ಮೂಳೆ ನೋಯುವಷ್ಟು ಹಿಸುಕಿದಳು. ನನಗೂ ಆಗ ಯಾವ ಆಸೆಯೂ ಉಳಿದಿರಲಿಲ್ಲ. ಮಾಸಿ ನಿಧಾನವಾಗಿ ಮೆಟ್ಟಿಲಿಂದೆದ್ದು, ಒಂದು ಕೈಯನ್ನು ಹಿಂದಕ್ಕೆ ಬಾಗಿಲ ಚೌಕಟ್ಟಿಗೆ ಕೊಟ್ಟು ನಿಂತಳು. ಗೌಡರು ದಿಬ್ಬಕ್ಕೆ ಬಂದು ಏದುಸಿರು ಬಿಡುತ್ತ ನಿಂತರು.

"ಯಾರ ಹೆಸರು?" ಎಂದು ಮಾಸಿ ಕೂಗಿದಳು.

ಜೋಗಿಗೌಡರು ಬಾಯಿಬಿಟ್ಟು ಅವಳನ್ನೇ ನೋಡಿದರು. ಆಮೇಲೆ ಕೂಗಿದರು: "ನೀರು! ಒಂದು ಕೊಡ ನೀರು ತನ್ನಿ! ವ್ಯಾನು ಕೆಳಗೆ ನಿಂತು ಹೋಯ್ತು, ಕುನ್ನೆಗಳು ಹಸಿದಿದ್ದಾವೆ!"

ಅರೆಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಅಷ್ಟು ಜನ ತಮ್ಮ ತಲೆಯನ್ನೇ ದಿಟ್ಟಿಸುತ್ತಿರುವುದನ್ನು ನೋಡಿ ಗೌಡರಿಗೆ ಮೊದಲು ಅರ್ಥವಾಯಿತು. "ಅಯ್ಯೋ" ಎಂದು ಎರಡೂ ಕೈಗಳಿಂದ ಬರಿತಲೆಯನ್ನು ಮುಚ್ಚಿಕೊಂಡರು. ಘಾಟಿ ಹತ್ತುವಾಗ ವ್ಯಾನಿನ ನೀರಿನ ಕೊಳವೆ ಒಡೆದಿತ್ತು. ಅದಕ್ಕೆ ಬಿಗಿಯಾಗಿ ಸುತ್ತಲು ಬೇರೇನೂ ಸಿಗದೆ ಸೆಲ್ವಂ ಅವರ ಮಂಡೆಪಟ್ಟನ್ನೇ ಬೇಡಿ ತೆಗೆದುಕೊಂಡಿದ್ದ. ಕ್ಯಾರೆಟ್ ಹೊಲದವನಿಗೆ ಅವರು ಕೂಗಿದ್ದೂ ನೀರಿಗಾಗಿಯೇ. "ಕೂಗಿದೆ, ಕೂಗಿದೆ, ಆ ಮಡೆಯ ನನ್ನ ನೋಡಿ ಓಡಿಯೇ ಹೋದ!" ಎಂದು ಗೌಡರು ಬೈದರು. ಆ ಪೆದ್ದ ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಅಲ್ಲಲ್ಲಿ ನಿಲ್ಲಿಸಿ, ತೊರೆಯ ನೀರು ತುಂಬಿಸಿ, ಏರು ಕಡಿಮೆಯೆಂದು ಎಸ್ಟೇಟ್ ದಾರಿ ಹಿಡಿದು ಬಂದಿದ್ದರು. ಮೇಲಿನ ರಸ್ತೆಯಲ್ಲಿ ಹುಡುಕುತ್ತ ಹೋದ ರಾಜುವಿಗೆ ಅವರು ಸಿಗದೆ ಇದ್ದದ್ದು ಅದಕ್ಕೇ.

ಊರಿಗೆ ಊರೇ ಇಳಿಜಾರಿನಲ್ಲಿ ಬಿದ್ದೆದ್ದು ಓಡಿತು. ವ್ಯಾನಿನ ಪಕ್ಕದ ಬಂಡೆಯ ಮೇಲೆ ಮಕ್ಕಳು ಕೂತಿದ್ದವು, ವಾಂತಿ ಮಾಡಿ ಮಾಡಿ ಬಾಡಿದ್ದವು. ಸೆಲ್ವಂ ಮೊಣಕೈವರೆಗೆ ಗ್ರೀಸು ಬಳಿದುಕೊಂಡು, ಇಷ್ಟೊಂದು ಜನ ಯಾಕೆ ಬಂದರೆಂದು ತಿಳಿಯದೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಮಾಸಿ ಮಗಳನ್ನು ಎದೆಗೆ ಒತ್ತಿಕೊಂಡು, ಆ ವಾಂತಿಯ ಫ್ರಾಕಿಗೆ ಮುಖವಿಟ್ಟು ಅತ್ತಳು. ಬಿಕ್ಕಿ ಬಿಕ್ಕಿ, ಗಟ್ಟಿಯಾಗಿ, ಬೆಟ್ಟಕ್ಕೆಲ್ಲ ಕೇಳುವ ಹಾಗೆ ಅತ್ತಳು. ಸುಮತಿಗೆ ನಾಚಿಕೆ. "ಅವ್ವೆ, ಎಲ್ಲ ನೋಡ್ತಾರೆ, ಬುಡು" ಎನ್ನುತ್ತಿದ್ದಳು. ಕತ್ತಲಾಗುವ ಹೊತ್ತಿಗೆ ಜೀಪಿನಲ್ಲಿ ಬಂದ ರಾಜು ಮೊದಲು ಹೋದದ್ದು ಸೆಲ್ವಂನ ಮನೆಗೆ. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ. ಹೊರಬಂದಾಗ ಅವನ ಕೈಯಲ್ಲಿ ಚಹಾದ ಲೋಟ ಇತ್ತು.

ಇಷ್ಟೇ ಆಗಿದ್ದರೆ ನಾನು ಇದನ್ನು ಒಳ್ಳೆಯ ಕತೆಯೆಂದು ನಾಲ್ಕು ಜನಕ್ಕೆ ಹೇಳಿ ಮರೆಯುತ್ತಿದ್ದೆನೇನೋ. ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಮಾಸಿ ತನ್ನ ತೋಟದಲ್ಲಿ ಸೊಪ್ಪು ಕೀಳುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಹರಟುತ್ತಿದ್ದೆ. ಬಹಳ ದಿನದಿಂದ ತಲೆಯಲ್ಲಿದ್ದುದನ್ನು ಕೇಳಿಯೇಬಿಟ್ಟೆ. "ಅವತ್ತು ಮಗಳು ಬದುಕಿದ್ದಾಳೆ ಅನ್ನೋ ನಂಬಿಕೆ ನಿಮಗೆ ಎಲ್ಲಿಂದ ಬಂತು?"

ಮಾಸಿ ಸೊಪ್ಪು ಕೀಳುವುದನ್ನು ನಿಲ್ಲಿಸಲಿಲ್ಲ. "ಬದುಕಿದ್ದಾಳೆ ಅಂತ ಯಾರು ನಂಬಿದ್ದು?" ಎಂದಳು. "ಟೀವಿ ಕಂಡಾಗಲೇ ಎನ್ನ ಕುನ್ನೆ ಹೋದಳು ಅಂತ ನಾ ನಂಬಿದೆ. ಜೋಗಿಗೌಡನ ಬರಿಮಂಡೆಯ ಮಾತು ಕೇಳಿದ ಮೇಲೆ ಒಂದು ಚೂರೂ ಸಂಶಯ ಇಲ್ಲೆ."

"ಮತ್ತೆ ಆ ಬಾಗಿಲಲ್ಲಿ ಯಾಕೆ ಕೂತಿರಿ?" ಎಂದೆ.

"ನಾ ನಂಬಿದ್ದು ಎನ್ನ ಹೊಟ್ಟೆ ಒಳಗೆ ಇರುವದು. ನಂಬಿದ್ದೆಲ್ಲ ಸುದ್ದಿ ಆಗ್ತದಾ?" ಎಂದಳು ಅವಳು. "ಎನ್ನ ಹೊಟ್ಟೆ ಸಂಕಟವ ತೆಗೆದು ಆ ಪೆಣ್ಣು ರಾಣಿಯ ಮೇಲೆ ಎಸೆಯೋಕೆ ಆಗ್ತದಾ ಹೇಳಿ." ಹಾಗೆಂದು ಬೆನ್ನಿನ ಬುಟ್ಟಿ ಸರಿಮಾಡಿಕೊಂಡು ಮುಂದಿನ ಸಾಲಿಗೆ ಹೋದಳು.

ಈಗ ನಾನು ಹೊಸ ಕಾರ್ಯಕರ್ತರಿಗೆ ತರಬೇತಿ ಕೊಡುವ ವಯಸ್ಸಿಗೆ ಬಂದಿದ್ದೇನೆ. ಕೇಳಿದ್ದನ್ನು ಹೇಗೆ ಪರೀಕ್ಷಿಸಬೇಕು, ಯಾರು ಕಂಡರು, ಯಾರು ಬರೀ ಕೇಳಿದರು ಎಂದು ಹೇಗೆ ಬೇರ್ಪಡಿಸಬೇಕು ಎಂದೆಲ್ಲ ಹೇಳಿಕೊಡುತ್ತೇನೆ. ಅಷ್ಟನ್ನು ಯಾರಿಗಾದರೂ ಹೇಳಿಕೊಡಬಹುದು. ಆದರೆ ಅವತ್ತು ಆ ಮೆಟ್ಟಿಲ ಮೇಲೆ ಅಷ್ಟು ಹೊತ್ತು ಕೂತಿದ್ದವಳು, ತನ್ನ ಮನಸ್ಸಿನಲ್ಲಿ, ಒಬ್ಬಳೇ ಮಗಳನ್ನು ಆಗಲೇ ಕಳೆದುಕೊಂಡ ತಾಯಿ. ಕೊಂದವನೆಂದು ಜನ ಬೆರಳು ಮಾಡಿದವನ ಹೆಂಡತಿಗೆ ಬೆನ್ನಾಗಿ, ಅಳದೆ ಕೂತಿದ್ದಳು. ಅದನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ, ಜೊತೆಗೆ ಸ್ವಲ್ಪ ಭಯವೂ ಆಗುತ್ತದೆ.